ಉಪ್ಪು ನೋಡದ ಸೊಸೆ

ಜುಲೈ 6, ಭಾನುವಾರ. ರಾತ್ರಿ 8.15

ಟೀವಿಯ ಅಡುಗೆ ಸ್ಪರ್ಧೆಯಲ್ಲಿ ಮೂರನೇ ಎಲಿಮಿನೇಷನ್ ಆಯಿತು. ಹೋದದ್ದು ಆ ಮೀಸೆಯ ಹೋಟೆಲಿನವನು. ಹೋಗಲಿ. ಚಿತ್ರಾನ್ನಕ್ಕೆ ಬೆಣ್ಣೆ ಹಾಕಿದವನಿಗೆ ಇನ್ನೇನಾಗಬೇಕು? ನಾನು ಮೊದಲ ವಾರವೇ ಹೇಳಿದ್ದೆ. ಜಡ್ಜುಗಳಿಗೆ ಗೊತ್ತಾಗಲು ಇಷ್ಟು ದಿನ ಬೇಕಾಯಿತು.

ನಮ್ಮ ಮಮತಾ ಸೇಫ್. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಅಮರಾಪುರದಿಂದ ಸೊಸೆಯಾಗಿ ಈ ರಾಯದುರ್ಗಕ್ಕೆ ಬಂದಾಗ ಅವಳಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಮುದ್ದೆ ತಿರುವುವ ಕಡೆಯವಳು. ಇವತ್ತು ಟೀವಿಯಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಕನ್ನಡಕದ ಜಡ್ಜ್ ಮೇಡಂ ಚಪ್ಪಾಳೆ ತಟ್ಟಿದರು. ನನಗೂ ಹಿಗ್ಗು. ಆದರೆ “ಯಾರು ಕಲಿಸಿದ್ದು?” ಎಂದು ಮೇಡಂ ಕೇಳಿದರೆ “ಮನೇಲಿ” ಅಂದುಬಿಟ್ಟಳು. ಮನೆ ಕಲಿಸುತ್ತದೆಯೇ? ಗೋಡೆ ಕಲಿಸಿತೇ? ಬೇರೆಯವರು ಅಮ್ಮ, ಅಜ್ಜಿ, ದೊಡ್ಡಮ್ಮ ಎಂದು ಕಣ್ಣೀರು ಸುರಿಸುತ್ತಾರೆ. ಇವಳಿಗೆ “ನಮ್ಮತ್ತೆ” ಎನ್ನಲು ಬಾಯಿಲ್ಲ.

ಗಡ್ಡದ ಜಡ್ಜ್ ಮತ್ತೆ ಅದೇ ರಾಗ ತೆಗೆದ. “ಮಮತಾ, ನೀವು ಅಡುಗೆ ಮಾಡುವಾಗ ಟೇಸ್ಟೇ ನೋಡಲ್ಲ, ಇದು ತಪ್ಪು.” ತಪ್ಪಂತೆ! ನಮ್ಮ ಮನೆಯಲ್ಲಿ ದೇವರಿಗೆ ಎಡೆ ಆಗುವ ಮೊದಲು ಯಾರೂ ಅಡುಗೆಯನ್ನು ನಾಲಗೆಗೆ ಮುಟ್ಟಿಸುವುದಿಲ್ಲ. ನಮ್ಮತ್ತೆ ನನಗೆ ಹೇಳಿದರು, ನಾನು ಇವಳಿಗೆ ಹೇಳಿದೆ. ಬಂದ ಹೊಸದರಲ್ಲಿ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಮರುವರ್ಷದಿಂದ ಒಮ್ಮೆಯೂ ತಪ್ಪಿಲ್ಲ. ಕೈಗೇ ಅಳತೆ ಬಂತು. ಆ ಗಡ್ಡದವನಿಗೆ ಇದನ್ನು ಹೇಳಬಾರದೇ? ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದಳು.

ಅವಳು ಶೂಟಿಂಗಿಗೆಂದು ಬೆಂಗಳೂರಿಗೆ ಹೋದಾಗಿನಿಂದ ಅಡುಗೆ ನನ್ನದೇ. ಮಗ ಪ್ರಸಾದ್ ದಿನಾ ಮೇಲುಪ್ಪು ಕೇಳುತ್ತಾನೆ. ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟು ಕತ್ತರಿಸುವವನಿಗೆ ನಾಲಗೆ ಬೇರೆ ಉದ್ದವಾಗಿದೆ ಈಗ.

ಜುಲೈ 13, ಭಾನುವಾರ

ಮಮತಾ ಸೇಫ್. ಶೇಂಗಾ ಹೋಳಿಗೆ. ನನ್ನ ಮಾರ್ಕ್ಸ್ ಹತ್ತಕ್ಕೆ ಒಂಬತ್ತು. ಟೀಚರ್ ಕೆಲಸದಿಂದ ರಿಟೈರ್ ಆದರೂ ಹತ್ತಕ್ಕೆ ಹತ್ತು ಕೊಡುವ ಅಭ್ಯಾಸ ಬರಲಿಲ್ಲ.

ಆ ದಾವಣಗೆರೆಯ ಶ್ರಾವಣಿ ನನಗೆ ಹಿಡಿಸುತ್ತಿಲ್ಲ. ಉಗುರಿಗೆ ನೇರಳೆ ಬಣ್ಣ. ತನ್ನ ಒಲೆ ಬಿಟ್ಟು ಗಳಿಗೆಗೊಮ್ಮೆ ಮಮತಾಳ ಒಲೆಯ ಹತ್ತಿರ ಬರುತ್ತಾಳೆ. ಚಮಚ ಅದ್ದುತ್ತಾಳೆ, ನೆಕ್ಕುತ್ತಾಳೆ, ಏನೋ ಪಿಸುಗುಟ್ಟಿ ಹೋಗುತ್ತಾಳೆ. ಅಡುಗೆಯನ್ನೆಲ್ಲ ಎಂಜಲು ಮಾಡುವ ಹುಡುಗಿ. ಮಮತಾ ನಗುತ್ತಾಳೆಯೇ ಹೊರತು ಗದರುವುದಿಲ್ಲ.

ಗೆದ್ದವರಿಗೆ ಅದೇ ಚಾನೆಲ್‌ನಲ್ಲಿ ಒಂದು ವರ್ಷ ಸ್ವಂತ ಅಡುಗೆ ಕಾರ್ಯಕ್ರಮವಂತೆ. ಹೋಗುವ ದಿನ ಮಮತಾ ಅದನ್ನೇ ಹೇಳಿದ್ದಳು. “ಅತ್ತೆ, ಗೆಲ್ಲೋದು ಗಿಲ್ಲೋದು ಆಮೇಲೆ. ನಂದೂ ಅಂತ ಒಂದು ಒಲೆ ಇದ್ರೆ ಸಾಕು ನಂಗೆ.” ಈ ಮನೆಯ ಒಲೆ ಯಾರದ್ದಂತೆ? ಆವತ್ತು ಕೇಳಲಿಲ್ಲ. ಬಸ್ಸು ಹೊರಟಿತ್ತು.

ಜುಲೈ 22, ಮಂಗಳವಾರ

ಮಧ್ಯಾಹ್ನ ಬಾಗಿಲು ತೆರೆದರೆ ಮಮತಾ! ಬ್ಯಾಗು ಸಮೇತ. ಸೊರಗಿದ್ದಾಳೆ. ಮೊಮ್ಮಗಳು ಮೌನಿಕಾ ಅವಳ ಸೊಂಟ ಬಿಡುತ್ತಿಲ್ಲ.

“ಏನವ್ವಾ, ಮುಗೀತೇನು? ಗೆದ್ದಿ? ಸೋತಿ?”

“ಹೇಳಂಗಿಲ್ಲ ಅತ್ತೆ. ಟೀವೀಲಿ ಬರೋಗಂಟ ಬಾಯಿ ಬಿಡಬಾರ್ದು ಅಂತ ಸೈನ್ ಹಾಕಿಸ್ಕಂಡವ್ರೆ.”

“ಮನಿ ಮಂದಿಗೂ?”

“ಯಾರ್ಗೂ.”

ಪ್ರಸಾದನಿಗೂ ಹೇಳಿಲ್ಲವಂತೆ. ಅವನು ಬಂದ ಕೂಡಲೇ ನನ್ನನ್ನೇ ಕೇಳಿದ. ಇನ್ನು ಊಹೆ ಮಾಡುತ್ತ ಕೂರಬೇಕು. ಫೈನಲ್ ಶೂಟಿಂಗ್ ಬಾಕಿ ಇದ್ದು ರಜೆಗೆ ಕಳಿಸಿರಬಹುದು. ಅಥವಾ ಹೋಗಿಬಿಟ್ಟಿರಬಹುದು. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಂದವಳೇ ಕೈಕಾಲು ತೊಳೆದು ಒಲೆ ಹಚ್ಚಿದಳು. ಸಂಜೆಯ ಸಾರು ಬಹಳ ದಿನದ ಮೇಲೆ ಸರಿಯಾಗಿತ್ತು. ಯಾರೂ ಮೇಲುಪ್ಪು ಕೇಳಲಿಲ್ಲ.

ಜುಲೈ 25

ಎದುರು ಮನೆ ಪಂಪಮ್ಮನಿಗೆ ನಿದ್ದೆಯಿಲ್ಲ. ಬೆಳಿಗ್ಗೆ ಮೊಸರು ಕೇಳುವ ನೆಪ, ಸಂಜೆ ಕೊಟ್ಟ ಬಟ್ಟಲು ತರುವ ನೆಪ.

“ಟೀಚರಮ್ಮ, ನಾ ಯಾರಿಗೂ ಹೇಳಂಗಿಲ್ರಿ. ಸೊಸಿ ಗೆದ್ದಾಳೋ ಇಲ್ಲೋ, ಬರೇ ತಲಿ ಅಲ್ಲಾಡಿಸ್ರಿ ಸಾಕು.”

“ನಂಗೇ ಗೊತ್ತಿಲ್ಲವಾ ಪಂಪಮ್ಮ.”

“ಸರ್ಲೆ ಬಿಡ್ರಿ, ಹೇಳಬ್ಯಾಡ್ರಿ.” ಮುಖ ಊದಿಸಿಕೊಂಡು ಹೋದಳು. ನನಗೆ ಗೊತ್ತಿದ್ದೂ ಹೇಳಲಿಲ್ಲ ಎಂದೇ ಅವಳ ನಂಬಿಕೆ. ಇರಲಿ, ಅದರಲ್ಲೂ ಒಂದು ಗೌರವವಿದೆ.

ಜುಲೈ 27, ಭಾನುವಾರ

ಮೊದಲ ಸಲ ಮಮತಾಳ ಪಕ್ಕದಲ್ಲೇ ಕುಳಿತು ಮಮತಾಳನ್ನು ನೋಡಿದೆ. ವಿಚಿತ್ರ. ಟೀವಿಯವಳು ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಾಳೆ, ಪಕ್ಕದವಳು ಸೊಪ್ಪು ಬಿಡಿಸುತ್ತ ಕೂತಿದ್ದಾಳೆ.

ಕೋಲಾರದ ತಿಮ್ಮರಾಜು ಹೋದ. ಪಾಪ, ಒಳ್ಳೆಯ ಮನುಷ್ಯ. ಅನ್ನ ತಳ ಹಿಡಿದಿತ್ತು. ಹಿಡಿದ ಅನ್ನವನ್ನೇ ಚಂದದ ತಟ್ಟೆಗೆ ಹಾಕಿ ಮೇಲೊಂದು ಹೂವಿಟ್ಟಿದ್ದ. ನಾನು ಜಡ್ಜ್ ಆಗಿದ್ದರೆ ಅನ್ನಕ್ಕೆ ಸೊನ್ನೆ, ಧೈರ್ಯಕ್ಕೆ ಐದು ಕೊಡುತ್ತಿದ್ದೆ.

ಇವತ್ತೂ ಆ ಶ್ರಾವಣಿ ಬಂದು ಚಮಚ ಅದ್ದಿದಳು. ನನಗೆ ತಡೆಯಲಾಗಲಿಲ್ಲ.

“ಅಕಿನ್ನ ಯಾಕ ಹತ್ರ ಬಿಟ್ಕೊಂತಿದ್ದಿ? ಎಂಜಲ ಚಮಚ ಅದು.”

“ಒಳ್ಳೆ ಹುಡ್ಗಿ ಅತ್ತೆ.”

“ಒಳ್ಳೇಕಿನ ಆಗಿದ್ರ ತನ್ನ ಪಾತ್ರಿ ತಾನ್ ನೋಡ್ಕೊಂಬೇಕಿತ್ತು.”

ಮಮತಾ ಇನ್ನೊಂದು ಸೊಪ್ಪಿನ ದಂಟು ಮುರಿದಳು. ಆಮೇಲೆ ಯೋಚಿಸಿದೆ. ಎಂಜಲು ಮಾಡುವವಳು ಯಾರೋ ಹೊರಗಿನವಳು. ನಮ್ಮವಳು ಮಾತ್ರ ಒಂದು ಹನಿಯೂ ನಾಲಗೆಗೆ ಮುಟ್ಟಿಸುತ್ತಿಲ್ಲ. ಅಷ್ಟು ಜನರ ಎದುರು, ಅಷ್ಟು ಬೈಸಿಕೊಂಡು, ಮನೆಯ ಪದ್ಧತಿ ಬಿಟ್ಟಿಲ್ಲ. ಬಾಯಲ್ಲಿ ನನ್ನ ಹೆಸರು ಬರದಿದ್ದರೂ ಕೈಯಲ್ಲಿದೆ. ಅಷ್ಟು ಸಾಕು ಎಂದುಕೊಂಡೆ. ಪೂರ್ತಿ ಸಾಕಾಗಲಿಲ್ಲ, ಅದು ಬೇರೆ ಮಾತು.

ಆಗಸ್ಟ್ 3, ಭಾನುವಾರ

ಶ್ರಾವಣಿ ಔಟ್! ಮೀನಿನ ಮುಳ್ಳು ಸರಿಯಾಗಿ ತೆಗೆದಿರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ಮೌನಿಕಾಳೂ ತಟ್ಟಿದಳು.

ಏಪ್ರನ್ ಬಿಚ್ಚಿ ಇಟ್ಟು ಹೋಗುವಾಗ ಆ ಹುಡುಗಿ ಮಮತಾಳನ್ನು ತಬ್ಬಿಕೊಂಡು, “ಅಕ್ಕಾ, ಇನ್ಮೇಲೆ ನೀವೇ ನೋಡ್ಕೊಬೇಕು” ಅಂದಳು. ಟೀವಿಯ ಮಮತಾ ಅತ್ತಳು. ಪಕ್ಕದ ಮಮತಾ ಎದ್ದು ಅಡುಗೆಮನೆಗೆ ಹೋದಳು. ಹಾಲು ಉಕ್ಕುತ್ತದೆ ಎಂದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ನನ್ನ ಚಪ್ಪಾಳೆ ಸ್ವಲ್ಪ ಜಾಸ್ತಿಯಾಯಿತೇನೋ.

ಈಗ ಉಳಿದವರು ನಾಲ್ವರು. ಮುಂದಿನ ವಾರ ದಾಟಿದರೆ ಫೈನಲ್.

ಆಗಸ್ಟ್ 10, ಭಾನುವಾರ. ರಾತ್ರಿ 8.30

ಹೋದಳು. ಮಮತಾ ಔಟ್.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. “ನಿಮ್ಮ ತವರಿನ ಅಡುಗೆ” ಎಂದು ಕೊಟ್ಟಿದ್ದರು. ಅವಳು ಹಿಡಿದದ್ದು ಬಸ್ಸಾರು, ಅವಳ ಅಮರಾಪುರದ್ದು. ನಾನು ಅಲ್ಲೇ ಗೆದ್ದಳು ಎಂದುಕೊಂಡೆ. ಕಾಳು, ಸೊಪ್ಪು ಬೇಯುವಾಗ ಒಮ್ಮೆ ಉಪ್ಪು ಬೀಳುತ್ತದೆ. ಬಸಿದ ಕಟ್ಟಿನ ನೀರಿಗೆ ರುಬ್ಬಿದ ಖಾರ ಹಾಕಿ ಕುದಿಸುವಾಗ ಇನ್ನೊಮ್ಮೆ. ಎರಡನೇ ಸಲ ಹಾಕುವ ಹೊತ್ತಿಗೆ ಸರಿಯಾಗಿ ಆ ಆಂಕರ್ ಹುಡುಗ ಮೈಕು ಹಿಡಿದು ಬಂದ. ಊರು ಯಾವುದು, ಮಗಳ ಹೆಸರೇನು ಎಂದು ಪಟಪಟ ಮಾತು. ಇವಳು ಮಾತಾಡುತ್ತಲೇ ಒಮ್ಮೆ ಹಾಕಿದಳು. ಅವನು ಆಚೆ ಹೋದ ಮೇಲೆ ಮತ್ತೆ ಹಾಕಿದಳು. ನಾನು ಇಲ್ಲಿಂದ ಕೂಗಿದೆ, “ಹಾಕೀದಿ ಕಣೇ!” ಟೀವಿಗೆ ಕೇಳುತ್ತದೆಯೇ.

ಅವಳಿಗೂ ಅನುಮಾನ ಬಂತು. ಸೌಟಿನಲ್ಲಿ ಸಾರು ತೆಗೆದಳು. ಊದಿದಳು. ತುಟಿಯ ಹತ್ತಿರ ತಂದಳು. ಆಮೇಲೆ ತಲೆ ಎತ್ತಿ ಕ್ಯಾಮೆರಾ ನೋಡಿದಳು, ನೇರವಾಗಿ, ನನ್ನನ್ನೇ ನೋಡಿದ ಹಾಗೆ. ಸೌಟು ಕೆಳಗಿಟ್ಟಳು.

ಆ ಕ್ಷಣ ನನಗೆ ಎಂಥ ಹೆಮ್ಮೆ! ಸುಳ್ಳೇಕೆ ಹೇಳಲಿ.

ಗಡ್ಡದ ಜಡ್ಜ್ ಒಂದು ಚಮಚ ಬಾಯಿಗಿಟ್ಟು ನೀರಿನ ಗ್ಲಾಸಿಗೆ ಕೈ ಚಾಚಿದ. “ಮಮತಾ, ಉಪ್ಪು ನೋಡಿದ್ರಾ?” “ಇಲ್ಲ ಸರ್.” “ಯಾಕೆ? ಯಾರಾದ್ರೂ ಬೇಡ ಅಂದಿದ್ರಾ?” ಈಗಲಾದರೂ ಹೇಳುತ್ತಾಳೆ ಎಂದು ನಾನು ಕುರ್ಚಿಯ ತುದಿಗೆ ಬಂದೆ. “ಇಲ್ಲ ಸರ್. ಮರ್ತುಬಿಟ್ಟೆ.”

ಮರೆತಳಂತೆ! ಟೀವಿ ಆರಿಸಿದೆ.

“ಯಾಕ ಸುಳ್ಳು ಹೇಳಿದಿ? ನಮ್ಮನಿ ಪದ್ಧತಿ ಹಿಂಗೈತಿ ಅನ್ನಾಕ ನಾಚಿಕಿ ಬಂತೇನು?”

“ಬಿಡಿ ಅತ್ತೆ, ಆಗೋದು ಆಗೋಯ್ತು” ಅಂದಳು. ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದ ಸೋಲು. ಪ್ರಸಾದ್ ಅವಳ ಭುಜದ ಮೇಲೆ ಕೈಯಿಟ್ಟ. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಸೋತದ್ದಕ್ಕಲ್ಲ ನನ್ನ ಸಿಟ್ಟು. ನಮ್ಮನ್ನು ಹೇಳಿಕೊಳ್ಳಲು ಅವಳಿಗೆ ಸಂಕೋಚ. ಅದಕ್ಕೆ.

ಆಗಸ್ಟ್ 11

ಪಂಪಮ್ಮ ಬಂದಿದ್ದಳು, ಮೊಸರಿನ ನೆಪವೂ ಇಲ್ಲದೆ.

“ಏನ್ರಿ ಟೀಚರಮ್ಮ, ಉಪ್ಪು ನೋಡಾದು ಯಾರರ ಮರೀತಾರೇನ್ರಿ? ನಮ್ಮ ಓಣ್ಯಾಗೆಲ್ಲಾ ಅದೇ ಮಾತು. ಅಷ್ಟು ದೂರ ಹೋಗಿ, ಎಂಥಾ ಬೇಖಬರು ಹೆಂಗಸು ಅಂತ.”

“ಅನ್ನಲಿ ಬಿಡವಾ” ಅಂದೆ. ಮಮತಾ ಒಳಗಿದ್ದಳು, ಕೇಳಿಸಿರಬೇಕು. ಅದು ನಮ್ಮ ಮನೆಯ ಪದ್ಧತಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಸಿಟ್ಟು ಇಳಿದಿರಲಿಲ್ಲ.

ಆಗಸ್ಟ್ 12, ಮಂಗಳವಾರ. ಮಧ್ಯಾಹ್ನ

ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಮಮತಾಳ ಕೈಯೆಲ್ಲ ಹಿಟ್ಟು, ಫೋನು ಸ್ಪೀಕರಿನಲ್ಲಿತ್ತು. ಆ ಕಡೆ ಶ್ರಾವಣಿ.

“ಅಕ್ಕಾ, ನಾನಿದ್ದಿದ್ರೆ ದಿನಾ ಮಾಡಿದಂಗೇ ರುಚಿ ನೋಡಿ, ಉಪ್ಪು ಹೆಚ್ಚೋ ಕಮ್ಮಿನೋ ಹೇಳಿಬಿಡ್ತಿದ್ದೆ. ಒಂದು ಹನಿ ನಾಲಿಗೆ ಮೇಲೆ ಇಟ್ಕೊಂಡಿದ್ರೆ ಏನಾಗ್ತಿತ್ತು ನಿಮಗೆ?”

“ಅತ್ತೆ ಕುಂತ್ಕಂಡು ನೋಡ್ತಿರ್ತಾರೆ ಕಣಮ್ಮಿ. ಅವ್ರ ಕಣ್ಣೆದ್ರಿಗೆ ಹೆಂಗೆ ನಾಲ್ಗೆಗೆ ಇಕ್ಕಲಿ? ಪಾಪ, ಅಷ್ಟು ನಂಬ್ಕಂಡವ್ರೆ.”

“ಮತ್ತೆ ಮನೇಲಿ?”

ಮಮತಾ ನಕ್ಕಳು. “ಮನೇಲಿ ದಿನಾ ನೋಡ್ತೀನಿ. ಅವ್ರು ಪೂಜೆಗೆ ಕುಂತಾಗ ಕಣ್ಣು ಮುಚ್ಕಂಡಿರ್ತಾರೆ.”

“ಅದನ್ನೇ ಜಡ್ಜಿಗೆ ಹೇಳ್ಬೇಕಿತ್ತು, ಅತ್ತೆ ಬೇಡ ಅಂದಿದ್ದಾರೆ ಅಂತ.”

“ಹೇಳಿದ್ರೆ ಜನ ಅವ್ರನ್ನ ಅನ್ನಲ್ವಾ? ಸೊಸೆ ಸೋತಿದ್ದು ಅತ್ತೆಯಿಂದ ಅಂತ. ನಾನಾದ್ರೆ ಒಂದ್ ನಾಕ್ ದಿನ ಅನ್ಸ್ಕಂತೀನಿ, ಮುಗೀತದೆ.”

ಮುಂದೆ ಕೇಳಲಿಲ್ಲ. ಕೈಯಲ್ಲಿದ್ದ ಶೇಂಗಾ ಬೀಜ ಸಿಪ್ಪೆಯ ಬುಟ್ಟಿಗೆ, ಸಿಪ್ಪೆ ಬೀಜದ ಬುಟ್ಟಿಗೆ ಹಾಕುತ್ತಿದ್ದೆ.

ಈಗ ಬರೆಯಲಾಗುತ್ತಿಲ್ಲ.

ಆಗಸ್ಟ್ 13

ಮೈ ಉರಿಯಿತು, ನಿಜ. ಇಷ್ಟು ವರ್ಷ ದೇವರಿಗೆ ಇಟ್ಟದ್ದು ಎಂಜಲಿನ ಎಡೆ. ನಾನು ಕಣ್ಣು ಮುಚ್ಚಿ ಮಂತ್ರ ಹೇಳುವುದು, ಅವಳು ಅತ್ತ ಸೌಟು ನೆಕ್ಕುವುದು. ‘ಕೈಗೇ ಅಳತೆ ಬಂತು’ ಎಂದು ಊರೆಲ್ಲ ಹೊಗಳಿಕೊಂಡು ಬಂದವಳು ನಾನು. ಬೀಗರ ಮುಂದೆ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಲ್ಲೆಲ್ಲಿ ಹೇಳಿದ್ದೇನೋ!

ಕೇಳಿಬಿಡಬೇಕು ಎಂದು ಅಡುಗೆಮನೆ ಬಾಗಿಲಿನವರೆಗೆ ಹೋದೆ. “ಏನ್ ಬೇಕಿತ್ತು ಅತ್ತೆ?” ಅಂದಳು. “ನೀರು” ಅಂದೆ. ಕುಡಿದು ಬಂದೆ.

ಆಗಸ್ಟ್ 14

ಇವತ್ತು ಪೂಜೆಯಲ್ಲಿ ಕಣ್ಣು ಮುಚ್ಚಲಿಲ್ಲ. ದೇವರ ಗೂಡಿನ ಮುಂದೆ ಕೂತರೆ ಅಡುಗೆಮನೆಯ ಒಲೆ ನೇರ ಕಾಣುತ್ತದೆ. ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಮಮತಾ ತಿರುಗಿ ನೋಡಿದಳು. ನಾನೂ ನೋಡಿದೆ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೈ ಕಟ್ಟಿಕೊಂಡು ನಿಂತಳು.

ಎಡೆ ಮಡಿಯಾಗಿ ಆಯಿತು. ಸಾರು ಸಪ್ಪೆ.

“ಯವ್ವಾ, ಉಪ್ಪು ಹಾಕಿಲ್ಲೇನು?” ಅಂದ ಪ್ರಸಾದ್.

“ಸುಮ್ನ ಉಣ್ಣು.”

ಆಗಸ್ಟ್ 15

ಇವತ್ತೂ ಕಣ್ಣು ಬಿಟ್ಟೇ ಕೂತೆ. ಪಲ್ಯ ಬಾಯಿಗಿಡಲು ಆಗಲಿಲ್ಲ, ಅಷ್ಟು ಉಪ್ಪು. ಮೌನಿಕಾ ಸ್ಕೂಲಿನಲ್ಲಿ ಧ್ವಜ ಹಾರಿಸಿ ಕೊಟ್ಟ ಲಾಡು ತಿಂದು ಮಲಗಿದಳು. ಮಮತಾ ತಟ್ಟೆಯ ಮೇಲೆ ಬಗ್ಗಿ ತುತ್ತು ನುಂಗುತ್ತಿದ್ದಳು. ಟೀವಿಯಲ್ಲಿ ಜಡ್ಜಿನ ಮುಂದೆ ನಿಂತದ್ದೂ ಹೀಗೇ.

ಆಗಸ್ಟ್ 16, ಶನಿವಾರ

ನಿನ್ನೆಯಿಂದ ಒಂದೇ ಯೋಚನೆ. ಬರೆದು ಹಗುರಾಗಬೇಕು.

ಅಲ್ಲಿ ಅಷ್ಟು ಜನರಿದ್ದರು. ಜಡ್ಜುಗಳು, ಲೈಟು, ಕ್ಯಾಮೆರಾ. ಅವರ್ಯಾರ ಭಯವೂ ಅವಳಿಗಿರಲಿಲ್ಲ. ರಾಯದುರ್ಗದ ಒಂದು ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ನನಗೆ ನೋವಾಗಬಾರದು ಎಂದು ಸೌಟು ಕೆಳಗಿಟ್ಟಳು. ನಾನು ನೋಡುತ್ತಿದ್ದೇನೆಂದು ಸೋತಳು. ನನ್ನ ಹೆಸರು ಹೇಳಲಿಲ್ಲ ಎಂದು ವಾರಗಟ್ಟಲೆ ಇಲ್ಲಿ ಗೊಣಗಿದ್ದೇನೆ. ಹೇಳದೆ ಇದ್ದುದೇ ನನಗಾಗಿ. ಆಮೇಲೆ ನನ್ನಿಂದಲೇ ಬೈಸಿಕೊಂಡಳು.

ಅಳು ಬಂತು. ನಾನು ಅತ್ತದ್ದು ಯಾರೂ ನೋಡಲಿಲ್ಲ, ಒಣಗಿದ ಬಟ್ಟೆ ಮಡಿಸುತ್ತಿದ್ದೆ.

ಸಂಜೆ ಪಂಪಮ್ಮ ಮತ್ತೆ ಶುರು ಮಾಡಿದಳು, ಮರೆಗುಳಿ ಸೊಸೆ ಅಂತ. ಕಟ್ಟೆಯ ಮೇಲೆ ಇನ್ನಿಬ್ಬರಿದ್ದರು.

“ಅಕಿ ಮರ್ತಿಲ್ಲ ಪಂಪಮ್ಮ. ಉಪ್ಪು ನೋಡಬ್ಯಾಡ ಅಂದಕಿ ನಾನು. ನನ್ ಮಾತು ಉಳಿಸಾಕ ಹೋಗಿ ಸೋತಾಳ. ಇನ್ ಮ್ಯಾಲ ಅನ್ನಾದಿದ್ರ ನಂಗ ಅನ್ರಿ.”

“ಅಯ್ಯೋ, ನಿಮಗ್ಯಾಕ ಅಂತೀವ್ರಿ ಟೀಚರಮ್ಮ...” ಎಂದು ಪಂಪಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ನಾಳೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ. ಆಗಲಿ. ಬೇರೆ ಖರ್ಚಿಲ್ಲದ ಪ್ರಚಾರ.

ಆಗಸ್ಟ್ 17, ಭಾನುವಾರ. ರಾತ್ರಿ 8.20

ಬೆಳಿಗ್ಗೆ ಪೂಜೆಗೆ ಕೂತೆ. ಕಣ್ಣು ಮುಚ್ಚಿದೆ. ಒಳಗೆ ಏನೂ ಸದ್ದಿಲ್ಲ. ಅವಳು ಕಾಯುತ್ತಿದ್ದಾಳೆ, ನಂಬಿಕೆ ಬರುತ್ತಿಲ್ಲ ಅವಳಿಗೆ. ಇನ್ನೂ ಗಟ್ಟಿಯಾಗಿ ಮುಚ್ಚಿದೆ. ಗಂಟೆ ಜೋರಾಗಿ ಹೊಡೆದೆ. ನಿತ್ಯದ ಮಂತ್ರ ಮುಗಿದರೂ ಮತ್ತೆ ಮೊದಲಿನಿಂದ ಹೇಳಿದೆ. ದೇವರೇ, ನಿನಗೂ ಇಂಥ ಅಡುಗೆ ಬೇಡ ತಾನೇ, ಒಂದು ದಿನ ಸಪ್ಪೆ, ಒಂದು ದಿನ ಬರೀ ಉಪ್ಪು ತಿಂದಿದ್ದೀಯಲ್ಲ ಎಂದು ಕೇಳಿಕೊಂಡೆ. ಆಗ ಬಂತು ಒಂದು ಸಣ್ಣ ಸದ್ದು. ಸೌಟು ಪಾತ್ರೆಯ ಅಂಚಿಗೆ ತಾಗಿದ್ದು.

ಸಾರು ಸರಿಯಾಗಿತ್ತು. ಪ್ರಸಾದ್ ಎರಡು ಸಲ ಹಾಕಿಸಿಕೊಂಡ.

ಸಂಜೆ ಫೈನಲ್. ಹಾಸನದ ಶಿವರಾಮ ಗೆದ್ದ. ಅಡುಗೆ ಪರವಾಗಿಲ್ಲ, ಮಾತು ಜಾಸ್ತಿ. ಹತ್ತಕ್ಕೆ ಆರೂವರೆ. ಅವನ ಹೊಸ ಕಾರ್ಯಕ್ರಮ ಮುಂದಿನ ತಿಂಗಳಿಂದವಂತೆ. ಮಮತಾ ಪರದೆಯನ್ನೇ ನೋಡುತ್ತಿದ್ದಳು. ಆ ಒಲೆ ಇವಳದ್ದಾಗಬಹುದಿತ್ತು. ಅವಳು ಚಪ್ಪಾಳೆ ತಟ್ಟಿದಳು. ನಾನು ತಟ್ಟಲಿಲ್ಲ.

ಆಗಸ್ಟ್ 18, ಸೋಮವಾರ. ಬೆಳಿಗ್ಗೆ 7.40

ಕಡೆಯ ಶ್ರಾವಣ ಸೋಮವಾರ. ಸ್ನಾನ ಆಯಿತು, ಹೂವು ಬಿಡಿಸಿದ್ದಾಯಿತು. ಪೂಜೆಗೆ ಕೂರುವ ಮೊದಲು ನಾಲ್ಕು ಸಾಲು ಬರೆಯೋಣ ಎಂದು.

“ಏನ್ ಮಾಡ್ಲಿ ಅತ್ತೆ ಇವತ್ತು?” ಎಂದು ಕೇಳಿದಳು.

“ನಿಮ್ಮೂರಿನ ಬಸ್ಸಾರು ಮಾಡವ್ವಾ” ಅಂದೆ.

ನಿಂತು ನನ್ನ ಮುಖ ನೋಡಿದಳು. ಆ ಸೋಲಿನ ಮೇಲೆ ಮನೆಯಲ್ಲಿ ಯಾರೂ ಅದರ ಹೆಸರೆತ್ತಿರಲಿಲ್ಲ. “ಅದ್ಯಾಕೆ ಅತ್ತೆ?” ಅಂದಳು. “ನಂಗ ತಿನಬೇಕು ಅನ್ನಿಸೇತಿ” ಅಂದೆ. ಸರಿ ಎಂದು ಹೋದಳು. ಈಗ ಸೊಪ್ಪು ಬೇಯುವ ವಾಸನೆ ಬರುತ್ತಿದೆ.

ಏಳಬೇಕು. ಇವತ್ತು ಕಣ್ಣು ಜಾಸ್ತಿ ಹೊತ್ತು ಮುಚ್ಚಬೇಕು. ಬಸ್ಸಾರು ಅಂದರೆ ಅವಳು ಎರಡು ಸಲ ಉಪ್ಪು ನೋಡಬೇಕಾಗುತ್ತದೆ.